ಮೀಟರ್ ಎಲ್ಲಿತ್ತು

ಹೆಣಕ್ಕೆ ಎರಡನೆಯ ಬಿಂದಿಗೆ ನೀರು ಹೊಯ್ಯುತ್ತಿದ್ದಾಗ ಕಾರ್ಖಾನೆಯ ಕಾರು ರಾಜಗೋಪಾಲನಗರದ ಆ ಓಣಿಗೆ ನುಗ್ಗಿತು. ಪರ್ಸೊನೆಲ್ ಆಫೀಸರ್ ಹೂವಿನ ಹಾರ ಹಿಡಿದು ಇಳಿದರು. ನೀರು ಹೊಯ್ಯುತ್ತಿದ್ದ ನಲ್ಲಪ್ಪ ತಲೆಯೆತ್ತಲಿಲ್ಲ. ಅವನೂ ಸತ್ತ ನಂಜಪ್ಪನೂ ಪೀಣ್ಯದ ಒಂದೇ ಎರಕದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದವರು. ನಿನ್ನೆ ಮಧ್ಯಾಹ್ನ ನಂಜಪ್ಪ ಕುಲುಮೆಯ ಮುಂದೆ ಕುಸಿದಾಗ ಎತ್ತಿಕೊಂಡವನೂ ಅವನೇ.

"ಹಾರ್ಟ್ ವೀಕ್ ಇತ್ತಂತಲ್ಲಮ್ಮ," ಆಫೀಸರ್ ನಂಜಪ್ಪನ ಹೆಂಡತಿ ಈಶ್ವರಮ್ಮನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದರು. "ಮೊದಲಿಂದಾನೂ ಇತ್ತು ಅಂತ ಒಂದು ಸೈನ್ ಹಾಕ್ಕೊಟ್ರೆ ಎಲ್ಲಾ ಸುಲಭ ಆಗುತ್ತೆ."

"ಯಾವ ಕಾಯ್ಲೆನೂ ಇರ್ಲಿಲ್ಲ ಸಾರ್. ಆ ಸೆಕೇಲಿ ಬೆಂದೋದ್ರು."

"ಸೆಕೆ ಎಲ್ಲಮ್ಮ? ನಿನ್ನೆ ಶೆಡ್ಡಲ್ಲಿ ಮೂವತ್ತೆರಡು ಡಿಗ್ರಿ. ಮೀಟರೇ ತೋರಿಸ್ತಿತ್ತು."

ನಲ್ಲಪ್ಪನ ಕೈಯಲ್ಲಿ ಬಿಂದಿಗೆ ನಿಂತಿತು.

*

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಇಬ್ಬರು ತಲೆತಿರುಗಿ ಬಿದ್ದ ಮೇಲೆ, ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಒತ್ತಾಯಕ್ಕೆ ತರಿಸಿದ್ದು ಆ ಶಾಖದ ಮೀಟರ್. ಮರದ ಹಲಗೆ, ಅದರ ಮೇಲೊಂದು ಕಪ್ಪು ತಾಮ್ರದ ಗುಂಡು, ಎರಡು ಗಾಜಿನ ಕೊಳವೆ. ಆಗ ಮೆಂಟೆನೆನ್ಸಿನಲ್ಲಿದ್ದ ನಂಜಪ್ಪ ಅದನ್ನು ಕುಲುಮೆಗೆ ಆರು ಹೆಜ್ಜೆ ದೂರದ ಕಂಬಕ್ಕೆ ಬಿಗಿದ. ದಿನಾ ಬೆಳಿಗ್ಗೆ ಗುಂಡಿನ ದೂಳು ಒರೆಸುತ್ತಿದ್ದ, ಗಾಳಿಯ ತೇವ ಅಳೆಯಲು ಒಂದು ಕೊಳವೆಯ ಬುಡಕ್ಕೆ ಸುತ್ತಿದ ಬಟ್ಟೆಯ ಬತ್ತಿಗೆ ನೀರುಣಿಸುತ್ತಿದ್ದ. ಬತ್ತಿಗೆಂದು ಹೆಂಡತಿಯ ಹಳೆಯ ನೂಲಿನ ಸೀರೆ ಹರಿಸಿಕೊಂಡು ಒಯ್ಯುತ್ತಿದ್ದ. "ಚೆನ್ನಾಗಿ ಒಗಿಯೇ. ಗಂಜಿ ಉಳುದ್ರೆ ಸುಳ್ಳು ತೋರಿಸ್ತದೆ," ಎನ್ನುತ್ತಿದ್ದ.

ಬೇಸಗೆಯಲ್ಲಿ ಪಾದರಸ ಏರಿತು. ಕುಲುಮೆಯವರಿಗೆ ನಡುನಡುವೆ ಬಿಡುವು ಕೊಡಿ ಎಂದು ಇನ್‌ಸ್ಪೆಕ್ಟರ್ ಬರೆದರು. ಮರುವಾರವೇ ಮ್ಯಾನೇಜರ್ ಮೀಟರನ್ನು ಕುಲುಮೆಯಿಂದ ದೂರ, ಗಾಳಿಯಾಡುವ ಸ್ಟೋರಿನ ಕಿಟಕಿ ಪಕ್ಕಕ್ಕೆ ಹಾಕಿಸಿದರು. ಕಳಚಿ ಒಯ್ದವನು ನಂಜಪ್ಪನೇ. ಎರಡು ಬೇಸಗೆ ಬಾಯಿ ಮುಚ್ಚಿಕೊಂಡು ಅಲ್ಲೇ ಬತ್ತಿ ನೆನೆಸಿದ. ಮೂರನೆಯ ಬೇಸಗೆಯಲ್ಲಿ ಕುಲುಮೆಯ ಹನುಮಯ್ಯ ಬಿದ್ದವನು ಏಳಲಿಲ್ಲ. ಅವನ ತಿಥಿ ಮುಗಿದ ಮರುದಿನ ನಂಜಪ್ಪ ಯಾರನ್ನೂ ಕೇಳದೆ ಮೀಟರನ್ನು ಹಳೆಯ ಕಂಬಕ್ಕೆ ತಂದು ಬಿಗಿದ.

"ಕುಲುಮೆ ಅಂದ್ರೆ ಅಷ್ಟು ಇಷ್ಟಾನಾ? ಅಲ್ಲೇ ಇರು," ಎಂದರು ಮ್ಯಾನೇಜರ್. ಐವತ್ತೊಂದನೆಯ ವಯಸ್ಸಿನಲ್ಲಿ ನಂಜಪ್ಪ ಕರಗಿದ ಕಬ್ಬಿಣ ಹೊರುವ ಕೆಲಸಕ್ಕೆ ಬಿದ್ದ. ಮೀಟರ್ ಮತ್ತೆ ಕಿಟಕಿಗೆ ಹೋಯಿತು.

*

"ಎಲ್ಲಿತ್ತು ಸಾರ್ ಆ ಮೀಟ್ರು?" ಈಶ್ವರಮ್ಮ ಕೇಳಿದಳು.

ಆಫೀಸರ್ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ಅದರ ಬತ್ತಿಗೆ ನನ್ ಸೀರೆ ಹರ್ದು ಕೊಟ್ಟಿವ್ನಿ. ಕೇಳಬಾರ್ದಾ?"

"ಆ ಮಾತೆಲ್ಲ ಈಗ ಯಾಕಮ್ಮ, ಹೆಣ ಮುಂದಿಟ್ಕೊಂಡು..."

"ಹೆಣ ಮುಂದಿಟ್ಕೊಂಡು ನೀವು ಸೈನ್ ಕೇಳಬೌದಾ?" ಎಂದ ನಲ್ಲಪ್ಪ. ಹಾರವನ್ನು ಅವರ ಕೈಯಿಂದ ತೆಗೆದು ಕಾರಿನ ಮೇಲಿಟ್ಟ.

ಚಟ್ಟ ಎತ್ತಿದರು. ಸ್ಮಶಾನ ಬಲಕ್ಕೆ. ನಲ್ಲಪ್ಪ ಎಡಕ್ಕೆ ತಿರುಗಿದ, ಹೆಗಲು ಕೊಟ್ಟ ಉಳಿದವರೂ ತಿರುಗಿದರು. ಹೆಂಗಸರು ಅಷ್ಟು ದೂರ ಬರಬಾರದು ಎಂದು ಯಾರೋ ಅಂದರು. ಈಶ್ವರಮ್ಮ ನಡೆಯುತ್ತಲೇ ಇದ್ದಳು.

ಕಾರ್ಖಾನೆಯ ಗೇಟಿಗೆ ಅಡ್ಡವಾಗಿ ಚಟ್ಟ ಇಳಿಸಿದರು. ಗೇಟು ಮುಚ್ಚಲು ಓಡಿಬಂದ ವಾಚ್‌ಮನ್ ನಂಜಪ್ಪನ ಮುಖ ನೋಡಿ ಕೈಬಿಟ್ಟ. ಹಿಂದಿನಿಂದ ಆಫೀಸರರ ಕಾರು ಹಾರ್ನ್ ಹೊಡೆಯಿತು. ಯಾರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಯಂತ್ರಗಳ ಸದ್ದು ಒಂದೊಂದೇ ನಿಂತಿತು. ಕುಲುಮೆಯವರು ಹೊರಬಂದು ಚಟ್ಟದ ಸುತ್ತ ನಿಂತರು. ಬೆವರಿಗೆ ತೊಯ್ದ ಅವರ ಖಾಕಿ ಅಂಗಿಗಳು ಬಿಸಿಲಿಗೆ ಆರತೊಡಗಿದವು. ಬೆನ್ನ ಮೇಲೆ, ಎದೆಯ ಮೇಲೆ, ಉಪ್ಪು ಬೆಳ್ಳಗೆ ಗೆರೆಗೆರೆಯಾಗಿ ಮೂಡುತ್ತಾ ಬಂತು.