ಕತ್ತರಿಯಣ್ಣನ ತಪ್ಪಿಲ್ಲದ ಫ್ರೆಂಚು

ಕತ್ತರಿಯಣ್ಣ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದವನಲ್ಲ. ಸಲೂನಿನ ಷಟರ್ ಅರ್ಧ ಎಳೆದ ಮೇಲೆ ಬಗ್ಗಿ ಒಳಗೆ ಬಂದು, "ಮೀಸೆ ಒಂಚೂರು ನೋಡು ಮಾರಾಯ" ಎಂದವರನ್ನೂ ಕುರ್ಚಿಯ ಮೇಲೆ ಕೂರಿಸುತ್ತಿದ್ದ. ಅಂಥ ಮನುಷ್ಯನ ಬಾಯಿಗೆ ಇಲ್ಲ, ಅಲ್ಲ, ಬೇಡ ಎಂಬುದನ್ನು ತುರುಕಿದ್ದು ಫ್ರೆಂಚ್ ಮೇಷ್ಟ್ರು. ಆ ಪುಣ್ಯಾತ್ಮರಿಗೆ ಏನು ಹೇಳೋಣ! ಒಳ್ಳೆಯದನ್ನೇ ಮಾಡಲು ಹೊರಟಿದ್ದರು.

ಅವನ ಹೆಂಡತಿ ನರ್ಸು. ಫ್ರೆಂಚ್ ಮಾತನಾಡುವ ಒಂದು ದೇಶದ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿ ಹೋಗಿ ಎರಡು ವರ್ಷವಾಗಿತ್ತು. ಗಂಡ ಅಲ್ಲಿಗೆ ಹೋಗಿ ಸೇರಬೇಕಾದರೆ ಇಲ್ಲಿರುವ ಆ ದೇಶದ ವೀಸಾ ಕಚೇರಿಯಲ್ಲಿ ಫ್ರೆಂಚಿನಲ್ಲೇ ಸಂದರ್ಶನ ಕೊಡಬೇಕು. ಭಾಷೆ ಬರುತ್ತದೆಯೇ, ಸಂಸಾರ ನಿಜವೇ, ಎರಡನ್ನೂ ಅಲ್ಲೇ ನೋಡುತ್ತಾರೆ. ಸಲೂನಿನ ಮೇಲಿನ ಮನೆಯಲ್ಲಿ ಮೂವತ್ತು ವರ್ಷ ಫ್ರೆಂಚ್ ಕಲಿಸಿ ನಿವೃತ್ತರಾದ ಮೇಷ್ಟ್ರು ಇರುವಾಗ ಬೇರೆ ಎಲ್ಲಿಗೆ ಹೋಗಬೇಕು?

"ಹೌದು ಅನ್ನೋಕೆ ಭಾಷೆ ಯಾಕಯ್ಯ, ತಲೆ ಆಡಿಸಿದ್ರೆ ಸಾಕು. ಮೊದಲು ಇಲ್ಲ ಅನ್ನೋದು ಕಲಿ. ಅಲ್ಲೇ ಎಲ್ಲರೂ ಮುಗ್ಗರಿಸೋದು" ಎಂದರು ಮೇಷ್ಟ್ರು. ಕ್ರಿಯಾಪದಕ್ಕೆ ಮೊದಲು 'ನ', ಆಮೇಲೆ 'ಪಾ'. "ಗಿರಾಕಿ ತಲೆ ಅಲ್ಲಾಡದ ಹಾಗೆ ಎರಡೂ ಕಡೆ ಹಿಡೀತೀಯಲ್ಲ, ಹಾಗೆ ಹಿಡಿ." ಎಂದೂ ಇಲ್ಲ ಅನ್ನಬೇಕೆಂದರೆ 'ಪಾ' ಜಾಗಕ್ಕೆ 'ಜಾಮೆ', ಇನ್ನು ಮುಂದೆ ಇಲ್ಲ ಎಂದರೆ 'ಪ್ಲೂ'. ಇಡೀ ತಿಂಗಳು ಅವರು ಏನು ಕೇಳಿದರೂ ಇವನು ಆ ಮಾತುಗಳನ್ನೇ ಹಿಡಿದು ಅಲ್ಲಗಳೆಯಬೇಕು. ಬಾಯಿ ತಪ್ಪಿ 'ವೀ', ಅಂದರೆ ಹೌದು, ಅಂದನೋ, ಬೆರಳೆತ್ತಿ ನಿಲ್ಲಿಸಿ ಅದೇ ವಾಕ್ಯ ಐವತ್ತು ಸಲ ಹೇಳಿಸುತ್ತಿದ್ದರು. ನಿನಗೆ ಎರಡು ಕಣ್ಣಿವೆಯೇ? ಇಲ್ಲ. ಇದು ಕತ್ತರಿಯೇ? ಅಲ್ಲ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಗಳೂ ನಗುತ್ತಾ 'ಪಾ, ಪಾ' ಅನ್ನುತ್ತಿದ್ದರು.

ಹೌದು ಎನ್ನುವ ಪಾಠ ಮುಂದಿನ ತಿಂಗಳಿಗೆ ಇತ್ತು. ಅಷ್ಟರಲ್ಲಿ ಸಂದರ್ಶನದ ದಿನ ಗೊತ್ತಾಗಿದ್ದಕ್ಕಿಂತ ಮೊದಲೇ ಬಂತು, ನಾಡಿದ್ದೇ ಬನ್ನಿ ಎಂದು ಪತ್ರ. ಕತ್ತರಿಯಣ್ಣ ಕೈಯಲ್ಲಿ ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿ ಓಡಿದ. ಮೇಷ್ಟ್ರು ಮಾತ್ರ, "ಧೈರ್ಯವಾಗಿ ಹೋಗು, ನಿನ್ನ ವ್ಯಾಕರಣ ಕಲ್ಲಿನ ಹಾಗಿದೆ" ಎಂದು ಬೆನ್ನು ತಟ್ಟಿದರು.

ಕಚೇರಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಫೈಲು ಬಿಚ್ಚಿಕೊಂಡು ಕೂತ ಅಧಿಕಾರಿಣಿ. ನೀವು ಕ್ಷೌರದ ಕೆಲಸ ಮಾಡುತ್ತೀರಾ ಎಂದು ಕೇಳಿದಳು.

"ನೋ, ಜ ನ ಸ್ವಿ ಪಾ ಕ್ವಾಫರ್" ಎಂದ ಕತ್ತರಿಯಣ್ಣ ಥಟ್ಟನೆ. ಇಲ್ಲ, ನಾನು ಕ್ಷೌರಿಕನಲ್ಲ! 'ನ' ಇದ್ದಲ್ಲಿತ್ತು, 'ಪಾ' ಇದ್ದಲ್ಲಿತ್ತು. ಒಳಗೊಳಗೇ ಹಿಗ್ಗಿದ. ಅವಳು ಫೈಲನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತೀರಾ? ಇಲ್ಲ, ಎಂದೂ ಇಲ್ಲ. 'ಜಾಮೆ' ಜಾರಿ ಹೊರಗೆ ಬಿದ್ದ ಮೇಲೆ ಅವನಿಗೆ ಹೊಳೆಯಿತು. ಅಯ್ಯೋ, ದಿನಾ ಬೆಳಿಗ್ಗೆ ಮಾತಾಡುತ್ತೇನಲ್ಲ! ಮುಂದಿನದಕ್ಕೆ 'ವೀ' ಅಂದೇ ಬಿಡಬೇಕೆಂದು ಹಲ್ಲು ಕಚ್ಚಿ ಕೂತ. ಅವಳ ಜೊತೆ ಬಾಳಲು ಇಷ್ಟವಿದೆಯೇ ಎಂದು ಕೇಳಿದಳು ಅಧಿಕಾರಿಣಿ, ಬೆರಳೆತ್ತಿ. ಆ ಬೆರಳು ಕಂಡದ್ದೇ ತಡ, ನಾಲಿಗೆ ತನ್ನ ಪಾಡಿಗೆ ತಾನು ಓಡಿತು. "ನೋ, ಜ ನ ವ ಪಾ ವೀವ್ರ್ ಅವೆಕ್ ಎಲ್." ಇಲ್ಲ, ಅವಳ ಜೊತೆ ಬಾಳಲು ನನಗೆ ಇಷ್ಟವಿಲ್ಲ.

ಅವಳು ಪೆನ್ನು ಕೆಳಗಿಟ್ಟು ಸ್ವಲ್ಪ ಮೆತ್ತಗೆ, ಉದ್ದವಾಗಿ ಇನ್ನೇನೋ ಕೇಳಿದಳು. ಕತ್ತರಿಯಣ್ಣನಿಗೆ ಒಂದಕ್ಷರ ತಿಳಿಯಲಿಲ್ಲ. ಇದೇ ಕೊನೆಯ ಅವಕಾಶ ಅನ್ನಿಸಿ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ಕೈ ಮುಗಿದು, "ವೀ! ವೀ! ವೀ!" ಎಂದು ಕೂಗಿದ. ಅವಳು ಕೇಳಿದ್ದು ಇಷ್ಟು: ನನ್ನ ಪ್ರಶ್ನೆಗಳೆಲ್ಲ ನಿಮಗೆ ಚೆನ್ನಾಗಿ ಅರ್ಥವಾಗಿವೆಯೇ, ಇವೇ ನಿಮ್ಮ ಉತ್ತರಗಳೇ? ಪಾಪ, ಮೂರು ಸಲ ಹೌದು ಅಂದೆನಲ್ಲ, ಎಲ್ಲ ಸರಿಹೋಯಿತು ಅಂದುಕೊಂಡು ಅವನು ಮನೆಗೆ ಬಂದ.

ಹತ್ತನೆಯ ದಿನ ಹೆಂಡತಿಯ ಫೋನು. ಕುರ್ಚಿಯಲ್ಲಿದ್ದ ಗಿರಾಕಿಗೆ ಒಂದು ಗಲ್ಲ ಮಾತ್ರ ಮುಗಿದಿತ್ತು. ಬೆಂಚಿನ ಮೇಲೆ ಇನ್ನು ಮೂವರು ಪೇಪರು ಹಿಡಿದು ಕಾಯುತ್ತಿದ್ದರು.

"ರೀ, ಕಾಗದ ಬಂತು. ಭಾಷೆಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟಿದಾರೆ."

"ಹೌದೇನೇ!"

"ಅರ್ಜಿ ತಳ್ಳಿಹಾಕಿದಾರೆ." ಅವಳ ದನಿ ಸಣ್ಣದಾಯಿತು. "ಹೆಂಡತಿ ಜೊತೆ ಬಾಳೋಕೆ ಇಷ್ಟ ಇಲ್ಲ ಅಂತ ನೀವೇ ಸ್ಪಷ್ಟವಾಗಿ ಹೇಳಿದೀರಂತೆ. ಇನ್ನು ಮೂರು ವರ್ಷ ಅರ್ಜಿ ಹಾಕೋ ಹಾಗಿಲ್ಲ."

ಕತ್ತರಿಯಣ್ಣ ತಡವರಿಸುತ್ತಾ ಮೇಷ್ಟರ ಪಾಠ, ಬೆರಳು, ನಾಲಿಗೆ ಎಲ್ಲವನ್ನೂ ಒದರಿದ. "ಬಾಯಿಪಾಠ ಕಣೇ ಅದು! ನನಗೆಲ್ಲಿ ಬರುತ್ತೆ ಫ್ರೆಂಚು? ನೀನೇ ಹೋಗಿ ಹೇಳು."

"ಹೇಳಿದೆ ರೀ. ಭಾಷೆ ಬರದೇ ಇರೋರು ಇಷ್ಟು ತಪ್ಪಿಲ್ಲದೆ ಮಾತಾಡೋಕಾಗಲ್ಲ ಅಂದ್ರು. ತಡವರಿಸಿದ್ದಿದ್ರೆ ಇನ್ನೊಂದ್ಸಲ ಕರೀತಿದ್ರಂತೆ."

ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳಿಸಿತು.

"ಬಾಯಿಪಾಠ ತಾನೇ ರೀ? ಎರಡು ವರ್ಷ ಆಯ್ತಲ್ಲ, ಅದಕ್ಕೆ ಕೇಳ್ತಿದೀನಿ."

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಕತ್ತರಿಯಣ್ಣ ಹೆಂಡತಿಗೆ ನೀನಂದ್ರೆ ಇಷ್ಟ ಎಂಬಂಥ ಮಾತು ಹೇಳಿದವನಲ್ಲ, ಅವಳು ಕೇಳಿದವಳೂ ಅಲ್ಲ. ಬೆಂಚಿನ ಮೇಲಿನ ಪೇಪರುಗಳು ಕೆಳಗಿಳಿದವು. ಅರ್ಧ ಗಡ್ಡದ ಗಿರಾಕಿ ಉಸಿರು ಬಿಗಿಹಿಡಿದ. ನಾಚಿಕೆಗೆ ಮುಖ ಕೆಂಪಾದರೂ ಕತ್ತರಿಯಣ್ಣ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿಯೇ ಹೇಳಿದ. "ನೀನು ಬೇಕು ಕಣೇ ನನಗೆ. ದಿನಾ ಬೇಕು. ಕಣ್ಣೆದುರಿಗೆ ಬೇಕು."

ಆ ಕಡೆ ಅವಳು ಇನ್ನೊಮ್ಮೆ ಮೂಗು ಎಳೆದುಕೊಂಡಳು.

"ಇದನ್ನ ಅಲ್ಲಿ ಹೇಳಬೇಕಿತ್ತು ರೀ" ಎಂದಳು.