ಹುರುಳಿ ಹಾಸಿದ ರಸ್ತೆ

ಇಪ್ಪತ್ತೇಳು ವರ್ಷ ಲಾರಿ ಓಡಿಸಿದ ಮರಿಯಯ್ಯನಿಗೆ ಈಗ ಲಾರಿ ಓಡಿಸದೆ ಕೂರುವ ಕೆಲಸ ಸಿಕ್ಕಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ತಿ. ನರಸೀಪುರದ ಗೋದಾಮಿಗೆ ಸರಕು ಹೊತ್ತು ತನ್ನಷ್ಟಕ್ಕೆ ತಾನೇ ಓಡುವ ಬ್ಯಾಟರಿ ಲಾರಿ ಅದು. ಒಂದು ಎಂಜಿನಿಯರಿಂಗ್ ಕಾಲೇಜು, ಒಂದು ಲಾರಿ ಕಂಪನಿ, ಹೊರದೇಶದ ಒಂದು ವಿಶ್ವವಿದ್ಯಾಲಯ ಸೇರಿ ನಡೆಸುತ್ತಿದ್ದ ಸಂಶೋಧನೆ. ಮರಿಯಯ್ಯ ಸ್ಟೀರಿಂಗಿನ ಹತ್ತಿರ ಕೈಯಿಟ್ಟುಕೊಂಡು ಕೂತಿರಬೇಕು. ಏನಾದರೂ ಎಡವಟ್ಟಾದರೆ ಮಾತ್ರ ಬ್ರೇಕ್ ಒತ್ತಬೇಕು.

ಮೊದಮೊದಲು ಕಾಲೇಜಿನ ಸಂಶೋಧಕಿ ಕವನ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಅವಳು ಆಫೀಸಿನಲ್ಲೇ ಉಳಿದಳು. "ರಸ್ತೇಲಿ ಕಂಡಿದ್ದನ್ನೆಲ್ಲ ಬಾಯ್ಬಿಟ್ಟು ಹೇಳ್ತಾ ಹೋಗಿ ಅಣ್ಣ. ಮೈಕಲ್ಲಿ ರೆಕಾರ್ಡ್ ಆಗುತ್ತೆ" ಎಂದಿದ್ದಳು.

ಹಳೇ ಲಾರಿಯಲ್ಲಿ ಎಂಜಿನ್ ಗದ್ದಲವಿತ್ತು, ಜಗಳಕ್ಕೆ ಕ್ಲೀನರ್ ಪುಟ್ಟಸ್ವಾಮಿ ಇದ್ದ. ಇಲ್ಲಿ ಟೈರಿನ ಸದ್ದೊಂದೇ. ಫೋನು, ರೇಡಿಯೋ ಎರಡೂ ನಿಷಿದ್ಧ. "ಎಡಕ್ಕೆ ಎಮ್ಮೆ. ಮುಂದೆ ಕಬ್ಬಿನ ಟ್ರ್ಯಾಕ್ಟರು" ಎಂದು ಶುರುವಾದದ್ದು ಬರಬರುತ್ತಾ ಎಲ್ಲೆಲ್ಲಿಗೋ ಹೋಯಿತು. ತೀರಿಕೊಂಡು ನಾಲ್ಕು ವರ್ಷವಾದ ಹೆಂಡತಿ ಇಂದ್ರಾಣಿಯ ಕಾಯಿಲೆಯ ಸಂಗತಿ, ಬಾಡಿಗೆ ರೂಮಿನಲ್ಲಿ ಒಬ್ಬನಿಗೇ ಮುದ್ದೆ ತಿರುವುವ ಬೇಜಾರು, ಎಲ್ಲವನ್ನೂ ಆ ಮೈಕಿಗೆ ಹೇಳಿದ.

ಜನವರಿಯ ಒಂದು ಮಧ್ಯಾಹ್ನ, ಸುತ್ತೂರಿನ ತಿರುವು ದಾಟಿದ ಮೇಲೆ, ಗಾಡಿ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲೆಂದು ಯಾರೋ ರಸ್ತೆ ತುಂಬ ಹುರುಳಿ ಗಿಡ ಹಾಸಿದ್ದರು. ಲಾರಿ ವೇಗ ತಗ್ಗಿಸಲಿಲ್ಲ. ರಸ್ತೆಯಂಚಿನ ಹುರುಳಿ ಗುಡ್ಡೆಯಲ್ಲಿ ಮರಿಯಯ್ಯನಿಗೆ ಸೀರೆಯ ಸೆರಗು ಕಂಡಿತು. ಬ್ರೇಕ್ ತುಳಿದ. ಹಿಂದೆ ಸರಕಿನ ಪೆಟ್ಟಿಗೆಗಳು ದಡದಡ ಉರುಳಿದವು. ನಡುದಾರಿಯಲ್ಲಿ ಲಾರಿಯಿಂದ ಇಳಿಯಬಾರದೆಂದು ನಿಯಮವಿತ್ತು. ಹಾರನ್ ಹೊಡೆದರೂ ಯಾರೂ ಏಳದಿದ್ದಾಗ ತಾನೇ ಸ್ಟೀರಿಂಗ್ ತಿರುಗಿಸಿ ಗುಡ್ಡೆಗೆ ತಾಗದಂತೆ ಸುತ್ತಿಕೊಂಡು ಮುಂದೆ ಹೋದ.

ಮೀಟಿಂಗಿನಲ್ಲಿ ಲಾರಿ ಕಂಪನಿಯ ಕೃಷ್ಣಕುಮಾರ್ ವಿಡಿಯೋ ಹಾಕಿ ತೋರಿಸಿದರು. "ಇಲ್ಲಿ ಮನುಷ್ಯರೇ ಇಲ್ಲ. ಸುಮ್ಮಸುಮ್ನೆ ಬ್ರೇಕ್ ಒತ್ತಿದ್ದೀರಿ."

"ಇದ್ರು ಸಾ. ನಾನು ಸೆರಗು ನೋಡ್ದೆ."

"ಇಂಥದ್ದು ಇನ್ನೊಂದಾದ್ರೆ ಬೇರೆ ಡ್ರೈವರ್ ನೋಡ್ಬೇಕಾಗುತ್ತೆ."

ಭಾನುವಾರ ಮರಿಯಯ್ಯ ಬಸ್ಸು ಹತ್ತಿ ಆ ಜಾಗಕ್ಕೆ ಹೋದ. ವಿಚಾರಿಸಿದಾಗ ಆ ಹುರುಳಿ ಸಾಕಮ್ಮ ಎಂಬವಳದೆಂದು ತಿಳಿಯಿತು. ಅವನಷ್ಟೇ ವಯಸ್ಸಿನ ಹೆಂಗಸು. ಜಗುಲಿಯಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಅವನು ಸೆರಗು ಕಂಡದ್ದನ್ನೂ ಕೆಲಸ ಹೋಗುವ ಭಯವನ್ನೂ ಹೇಳಿದ.

"ಅದು ಹೊರೆ ಕಟ್ಟಾಕೆ ಇಟ್ಟಿದ್ದ ಹಳೇ ಸೀರೆ ಕಣಣ್ಣ. ನಾನಲ್ಲಿ ಇರ್ನಿಲ್ಲ" ಎಂದಳು.

ಮರಿಯಯ್ಯನ ಮುಖ ಸಪ್ಪಗಾಯಿತು. "ಯಾವತ್ತೂ ಅಲ್ಲಿರಕಿಲ್ವಾ?"

"ದಿನಾ ಉಂಡು ಆ ಗುಡ್ಡೆಗೇ ಒರಗ್ಕಂಡು ಮಲಗ್ತೀನಿ. ಅವತ್ತು ಇವಳಿಗೆ ಜ್ವರ, ಮನೇಲೇ ಉಳ್ಕಂಡೆ." ಅವನ ಮುಖ ನೋಡಿ, "ನಿನ್ ಕೆಲ್ಸಕ್ಕೆ ತೊಂದ್ರೆ ಆಯ್ತದೆ ಅಂದ್ರೆ, ಇದ್ದೆ ಅಂತ ಯೋಳ್ತೀನಿ ಬುಡು" ಎಂದಳು.

"ಬ್ಯಾಡ ಕಣವ್ವ."

ಸೋಮವಾರ ಕವನಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಗುಡ್ಡೆಯಲ್ಲಿ ಯಾರೂ ಇರಲಿಲ್ಲ, ತನ್ನ ಕಣ್ಣು ಮೋಸಹೋಯಿತು. ಆದರೆ ಮಿಕ್ಕ ದಿನ ಅಲ್ಲಿ ಒಬ್ಬಳು ಮಲಗುತ್ತಾಳೆ.

ಕವನ ಅದನ್ನೆಲ್ಲ ಬರೆದುಕೊಂಡಳು. ಆ ವಾರವಿಡೀ ಕೃಷ್ಣಕುಮಾರ್ ಜೊತೆ, ಹೊರದೇಶದವರ ಜೊತೆ ವಾದ ಮಾಡಿದಳು. ಕೊನೆಗೆ ಒಕ್ಕಣೆ ಕಂಡಲ್ಲೆಲ್ಲ ಲಾರಿ ನಡಿಗೆಯ ವೇಗಕ್ಕೆ ಇಳಿಯಬೇಕೆಂದು ತೀರ್ಮಾನವಾಯಿತು. ಮರಿಯಯ್ಯನ ಕೆಲಸವೂ ಉಳಿಯಿತು.

"ಮೈಕಲ್ಲಿ ನಾನು ಮಾತಾಡಿದ್ದೆಲ್ಲ ಕೇಳಿಸ್ಕಂಡ್ರಾ ಅವ್ವ?" ಎಂದು ಅವನು ಅಳುಕುತ್ತಲೇ ಕೇಳಿದ.

"ಅದನ್ನ ಸಾಫ್ಟ್‌ವೇರು ಕೇಳುತ್ತೆ ಅಣ್ಣ. ರಸ್ತೆ ವಿಷಯ ಇಟ್ಕೊಂಡು ಮಿಕ್ಕಿದ್ದನ್ನ ತಾನೇ ಅಳಿಸಿಬಿಡುತ್ತೆ."

ಅವನು ತಲೆಯಾಡಿಸಿದ. ಮಾರನೇ ದಿನದಿಂದ ಎಮ್ಮೆ, ಟ್ರ್ಯಾಕ್ಟರು, ಗುಂಡಿ, ಇಷ್ಟೇ ಹೇಳಿದ. ನರಸೀಪುರದ ದಾರಿ ಎರಡರಷ್ಟು ಉದ್ದವಾದಂತೆ ಅನ್ನಿಸಿತು.

ಮುಂದಿನ ಭಾನುವಾರ ಯಾವ ಕೆಲಸವೂ ಇಲ್ಲದಿದ್ದರೂ ಅದೇ ಬಸ್ಸು ಹತ್ತಿದ. ಸಾಕಮ್ಮನ ಮನೆಗೆ ಬೀಗ ಹಾಕಿತ್ತು. ಜಗುಲಿಯ ಮೇಲೆ ಕೂತು ಕಾದ. ಒಂದು ಗಂಟೆ ಕಳೆದ ಮೇಲೆ ಅವಳು ಸೊಪ್ಪಿನ ಹೊರೆ ಹೊತ್ತು ಬಂದಳು.

"ಏನಣ್ಣ, ಇನ್ನೂ ಲಾರಿ ಇಚಾರನಾ?"

"ಇಲ್ಲ. ಸುಮ್ನೆ ಬಂದೆ."

ಅವಳು ಹೊರೆ ಇಳಿಸಿ, ಬೀಗ ತೆಗೆದು, ಕುಡಿಯಲು ನೀರು ತರಲು ಒಳಗೆ ಹೋದಳು.