ಕೊನೆಯ ಹನ್ನೆರಡು ಕಿಲೋಮೀಟರ್

ಪುಣೆ ಹತ್ತಿರದ ಸಾಸವಡದ ಆಚೆ ಅಂಜೂರದ ತೋಟಗಳ ನಡುವೆ ಅಪ್ಪಾಸಾಹೇಬರ ಕುದುರೆ ಲಾಯ ಇದೆ. ಹನ್ನೊಂದು ವರ್ಷದ ಹಿಂದೆ ಅದರ ಗೋಡೆ ಕಟ್ಟಲು ಯಾದಗಿರಿ ಕಡೆಯಿಂದ ಬಂದ ಗುಂಪಿನಲ್ಲಿ ಭೀಮಣ್ಣನೂ ಇದ್ದ. ಗೋಡೆ ಮುಗಿದ ಮೇಲೆ ಗುಂಪು ಕುರಕುಂಭದ ಕಾರ್ಖಾನೆ ಕೆಲಸಕ್ಕೆ ಹೋಯಿತು, ಇವನು ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಅವನ ಹೆಂಡತಿ ಸಾಬವ್ವ ಜ್ವರ ಬಂದು ತೀರಿಕೊಂಡಿದ್ದಳು. ಅವಳನ್ನು ಬಲ್ಲವರ ನಡುವೆ ಕೂತು ಉಣ್ಣುವುದು ಅವನಿಗೆ ಆಗುತ್ತಿರಲಿಲ್ಲ. ಕುದುರೆಗಳಿಗೆ ಮೇವು ಹಾಕುವವನು ಬೇಕೆಂದಾಗ ಅಲ್ಲೇ ಉಳಿದ.

ಲಾಯದಲ್ಲಿ ಎಲ್ಲರದೂ ಮರಾಠಿ. ಭೀಮಣ್ಣನೂ ಮರಾಠಿ ಕಲಿತ. ಕನ್ನಡ ಉಳಿದದ್ದು ಕಸ್ತೂರಿ ಎಂಬ ಕಂದು ಹೆಣ್ಣು ಕುದುರೆಯ ಜೊತೆಗೆ ಮಾತ್ರ. ಮರಿಯಾಗಿದ್ದಾಗಿನಿಂದ ಸಾಕಿದವನು ಅವನೇ. ಬೆಳಗಾದರೆ ಅದನ್ನು ಗುಡ್ಡ ಹತ್ತಿಸಿ ಇಳಿಸಿ ದಮ್ಮು ಬೆಳೆಸಿದವನೂ ಅವನೇ. ಪಂದ್ಯಗಳಲ್ಲಿ ಮಾತ್ರ ಅದರ ಮೇಲೆ ಕೂರುವವಳು ಅಪ್ಪಾಸಾಹೇಬರ ಮಗಳು ಸಾಯಲಿ. ಈ ಜನವರಿಯಲ್ಲಿ, ಪಂದ್ಯಕ್ಕೆ ಎಂಟು ದಿನ ಇರುವಾಗ, ಸಾಯಲಿ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಪ್ಪಾಸಾಹೇಬರು ಒಂದು ದಿನ ಯೋಚಿಸಿ, ಈ ಸಲ ನೀನೇ ಹೋಗು ಎಂದು ಭೀಮಣ್ಣನಿಗೆ ಹೇಳಿಬಿಟ್ಟರು.

ಅದು ಅರವತ್ತು ಕಿಲೋಮೀಟರಿನ ಪಂದ್ಯ. ಇಪ್ಪತ್ತು ಇಪ್ಪತ್ತರಂತೆ ಮೂರು ಸುತ್ತು. ಪ್ರತಿ ಸುತ್ತಿನ ಕೊನೆಗೆ ಡಾಕ್ಟರು ಕುದುರೆಯ ಎದೆಬಡಿತ ಎಣಿಸುತ್ತಾರೆ, ಗಟ್ಟಿ ನೆಲದ ಮೇಲೆ ಓಡಿಸಿ ಕಾಲು ನೋಡುತ್ತಾರೆ. ಬಡಿತ ಇಳಿಯದಿದ್ದರೆ, ಕುಂಟಿದರೆ, ಆಟ ಅಲ್ಲಿಗೇ ಮುಗಿಯಿತು. ಎಷ್ಟೇ ಮುಂದೆ ಬಂದರೂ ಕುದುರೆ ನೆಟ್ಟಗಿಲ್ಲದಿದ್ದರೆ ಬಂದಂತಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಮೂರನೇ ಸುತ್ತು ಮುಗಿದಿರಬೇಕು.

ಬೆಳಗಿನ ಆರೂವರೆಗೆ ಬಿಟ್ಟರು. ಉಳಿದವರಿಗೆಲ್ಲ ಡೇರೆ, ಐಸ್ ಡಬ್ಬಿ, ಬೆನ್ನು ತಟ್ಟುವ ಮನೆಯವರು. ಭೀಮಣ್ಣನಿಗಿದ್ದದ್ದು ಎರಡು ಬಕೇಟು, ಒಂದು ಕಂಬಳಿ. ಮೊದಲ ಏರಿನಲ್ಲಿ ಮುಂದಿನವರು ಧೂಳೆಬ್ಬಿಸಿಕೊಂಡು ಹೋದಾಗ ಕಸ್ತೂರಿಯೂ ಬೆನ್ನುಹತ್ತಲು ನೋಡಿತು. ಅವನು ಲಗಾಮು ಬಿಗಿಹಿಡಿದು, “ನಿದಾನ ಅವ್ವಾ, ನಿದಾನ. ಇನ್ನಾ ಭಾಳ ದೂರ ಅದ,” ಎಂದ.

“ಕನ್ನಡದವರೇನ್ರಿ?” ಎಂದು ಹಿಂದಿನಿಂದ ಹೆಣ್ಣುದನಿ ಕೇಳಿತು.

ಬೂದು ಬಣ್ಣದ ಗಂಡು ಕುದುರೆಯ ಮೇಲೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಪಕ್ಕಕ್ಕೆ ಬಂದಳು. ಹೆಸರು ಚಿತ್ರಾ, ಬಿಬವೇವಾಡಿಯಲ್ಲಿ ಹಲ್ಲಿನ ಡಾಕ್ಟರು. ತಂದೆತಾಯಿ ಧಾರವಾಡದವರು, ಅವಳು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಕುದುರೆಯ ಹೆಸರು ಬಾದಲ್. ತಾಯಿ ಮೊದಲೇ ಹೋಗಿದ್ದರು. ತಂದೆ ಹೋಗಿ ನಾಲ್ಕು ವರ್ಷವಾಗಿತ್ತು. ಆಮೇಲೆ ಮನೆಯಲ್ಲಿ ಕನ್ನಡ ಆಡುವವರು ಯಾರೂ ಇರಲಿಲ್ಲ.

“ಈಗ ಮನ್ಯಾಗ ಫ್ರಿಜ್ ಒಂದ ಸಪ್ಪಳ ಮಾಡ್ತದ ನೋಡ್ರಿ,” ಎಂದು ಅವಳು ನಕ್ಕಳು. ಭೀಮಣ್ಣನಿಗೆ ನಗು ಬರಲಿಲ್ಲ. ಆ ಮಾತು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

ಎರಡು ಸುತ್ತು ಜೊತೆಯಲ್ಲೇ ಹೋದರು. ಒಂದು ಕುದುರೆ ನೀರು ಕುಡಿಯುವಾಗ ಇನ್ನೊಂದು ಕಾಯಿತು. ಇಳಿಜಾರಿನಲ್ಲಿ ಇಬ್ಬರೂ ಇಳಿದು ನಡೆದರು. ಎರಡನೇ ತಪಾಸಣೆಯ ಬಿಡುವಿನಲ್ಲಿ ಅವಳು ತನ್ನ ಚಾಪೆಗೆ ಕರೆದು ಭಕ್ರಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದಾಗ ಅವನು ಸಾಬವ್ವನ ಸುದ್ದಿ ಹೇಳಿದ. ಜ್ವರ ಬಂದ ದಿನ ಅವಳು ಇಟ್ಟಿಗೆ ಹೊತ್ತದ್ದು, ಸಂಜೆ ಮಲಗಿದವಳು ಮತ್ತೆ ಏಳದೇ ಹೋದದ್ದು, ಎಲ್ಲವನ್ನೂ. ಸಾಬವ್ವ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ, ಹೇಳುವಾಗ ನಾಲಿಗೆ ತಡವರಿಸಿತು. ಚಿತ್ರಾ ಇನ್ನೊಂದು ಭಕ್ರಿ ಮುರಿದು ಅವನ ತಟ್ಟೆಗಿಟ್ಟಳು. ಈ ದಿನ ಬೇಗ ಮುಗಿಯದಿರಲಿ ಎಂದು ಅವನಿಗೆ ಅನಿಸಿತು.

ಆ ತಪಾಸಣೆಯಲ್ಲಿ ಡಾಕ್ಟರ್ ಮಧುಕರ್ ಬಾದಲ್‌ನ ಎಡ ಮುಂಗಾಲಿನ ಮೇಲೆ ಕೈ ಆಡಿಸಿ, ಎರಡು ಸಲ ಓಡಿಸಿ ನೋಡಿದರು. ಹೋಗಬಹುದು, ಆದರೆ ಈ ಕಾಲಿನ ಮೇಲೆ ಕಣ್ಣಿರಲಿ ಎಂದರು. ಚಿತ್ರಾ ತಲೆಯಾಡಿಸಿದಳು.

ಮೂರನೇ ಸುತ್ತಿನಲ್ಲಿ ಎಂಟು ಕಿಲೋಮೀಟರ್ ಹೋಗಿರಬೇಕು, ಡಾಂಬರು ದಾಟುವಾಗ ಬಾದಲ್‌ನ ತಲೆ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಆಗುವುದನ್ನು ಭೀಮಣ್ಣ ಕಂಡ. ಕುಂಟು ಶುರುವಾದ ಗುರುತು ಅದು. ಸಣ್ಣ ಹಳ್ಳಿಯೊಂದರ ಹೊರಗಿನ ನೀರಿನ ತೊಟ್ಟಿಯ ಹತ್ತಿರ ಇಳಿಯಲು ಹೇಳಿದ. ಕೂತು ಕಾಲು ಮುಟ್ಟಿದ. ಮೊಣಕಾಲಿನ ಕೆಳಗೆ, ಹಿಂದಿನ ನರದ ಉದ್ದಕ್ಕೂ ಕಾದ ಹಂಚಿನಂತೆ ಬಿಸಿ. ಅವನು ತಲೆಯೆತ್ತಿದಾಗ ಚಿತ್ರಾ ಜೀನಿನ ಚೀಲದಿಂದ ಒಂದು ಪೊಟ್ಟಣ ತೆಗೆದು, ಅದರ ಪುಡಿಯನ್ನು ಬೆಲ್ಲದುಂಡೆಯಲ್ಲಿ ಒತ್ತುತ್ತಿದ್ದಳು. ನೋವು ಕಾಣದಂತೆ ಮಾಡುವ ಪುಡಿ. ಪಂದ್ಯದಲ್ಲಿ ಅದನ್ನು ಕೊಡಬಾರದೆಂದು ಬೆಳಿಗ್ಗೆ ಎಲ್ಲರಿಗೂ ಓದಿ ಹೇಳಿದ್ದರು.

“ಕೊಡಬ್ಯಾಡ್ರಿ ಅಕ್ಕಾರ.”

“ಒಂದ ತಾಸು ನಡಸ್ಕೋತ ಹೋಗೂಣು. ಅಷ್ಟರಾಗ ಹಿಡೀತದ. ಆಮ್ಯಾಲ ಓಡ್ತಾನ.”

“ಓಡ್ತಾನ್ರಿ. ನೋವು ತಿಳೀದೆ ಓಡ್ತಾನ. ನರ ಹರೀತದ.”

ಅವಳು ಉಂಡೆ ಕೆಳಗಿಡಲಿಲ್ಲ. ಹಿಂದೆ ಎರಡು ಸಲ ನಮ್ಮನ್ನು ಕೊನೆಯ ತಪಾಸಣೆಯಲ್ಲೇ ಪಂದ್ಯದಿಂದ ತೆಗೆದುಹಾಕಿದ್ದಾರೆ, ಬಾದಲ್‌ಗೆ ಹದಿನಾರು ವರ್ಷ, ಇನ್ನೊಂದು ಅವಕಾಶ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ತನಗೆ ಇರುವುದು ಇದೊಂದೇ ಎಂದಳು. ಭೀಮಣ್ಣ ಎದ್ದು ಬಂದು ಬಾದಲ್‌ನ ಲಗಾಮು ಹಿಡಿದುಕೊಂಡ.

“ನೀವು ಹೇಳದಿದ್ರ ಯಾರಿಗೂ ಗೊತ್ತಾಗೂದಿಲ್ಲ ಭೀಮಣ್ಣಾರ. ನಾವು ಒಂದ ಭಾಷಾದವರು, ನಮ್ಮವರು.”

“ನೀವು ಕೊಟ್ರ ನಾ ಡಾಕ್ಟರಿಗಿ ಹೇಳ್ತೀನ್ರಿ,” ಎಂದ ಭೀಮಣ್ಣ. ತನ್ನ ದನಿಯೇ ತನಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ. “ಕೊಡದಿದ್ರ ನಾ ಏನೂ ನೋಡಿಲ್ಲ. ಈ ಮಾತು ಎಲ್ಲೂ ಆಡಂಗಿಲ್ಲ.”

ಚಿತ್ರಾ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮರಾಠಿಯಲ್ಲಿ, ಕ್ಲಿನಿಕ್ಕಿಗೆ ತಡವಾಗಿ ಬಂದವರೊಡನೆ ಮಾತಾಡುವ ದನಿಯಲ್ಲಿ, “ತುಮ್ಹೀ ಪುಢೆ ಜಾ,” ಎಂದಳು. ನೀವು ಮುಂದೆ ಹೋಗಿ ಎಂಬುದಷ್ಟೇ ಆ ಮಾತು. ಬೆಳಗಿನಿಂದ ಅವಳು ಅವನೊಡನೆ ಮರಾಠಿ ಆಡಿರಲಿಲ್ಲ. ಬೈದಿದ್ದರೆ ಅವನಿಗೆ ಇಷ್ಟು ತಾಗುತ್ತಿರಲಿಲ್ಲ.

ಅವಳು ಬೆಲ್ಲದುಂಡೆಯನ್ನು ಬೇಲಿಯಾಚೆ ಎಸೆದಳು. ಫೋನ್ ತೆಗೆದು, ಕೊರಳಿನ ಕಾರ್ಡಿನ ಮೇಲಿದ್ದ ನಂಬರಿಗೆ ಮಾಡಿ, ಕುದುರೆ ಕುಂಟುತ್ತಿದೆ, ಗಾಡಿ ಕಳಿಸಿ ಎಂದಳು. ಗಾಡಿ ಬರಲು ಒಂದು ತಾಸಿನ ಮೇಲಾಗುತ್ತದೆ ಎಂದರು.

ಭೀಮಣ್ಣ ಹೋಗಲಿಲ್ಲ. ಜೊತೆಯ ಕುದುರೆ ಬಿಟ್ಟುಹೋದರೆ ಉಳಿದ ಕುದುರೆ ಹಗ್ಗ ಜಗ್ಗಿ ಬೆನ್ನುಹತ್ತಲು ನೋಡುತ್ತದೆ. ಆ ಕಾಲಿನಲ್ಲಿ ಬಾದಲ್ ಹಾಗೆ ಮಾಡಬಾರದು. ಇದನ್ನು ಅವಳಿಗೆ ವಿವರಿಸುವ ಗೋಜಿಗೆ ಅವನು ಹೋಗಲಿಲ್ಲ, ಅವಳಿಗೂ ಗೊತ್ತಿದ್ದದ್ದೇ. ತೊಟ್ಟಿಯ ಹತ್ತಿರ ಬಿದ್ದಿದ್ದ ಬಕೇಟಿನಲ್ಲಿ ನೀರು ತಂದು ಬಾದಲ್‌ನ ಕಾಲಿಗೆ ಸುರಿದ, ಮತ್ತೆ ತಂದ, ಮತ್ತೆ ಸುರಿದ. ಅವಳು ತೊಟ್ಟಿಯ ಆಚೆ ಮಗ್ಗುಲಿಗೆ ಬೆನ್ನು ತಿರುಗಿಸಿ ಕೂತಿದ್ದಳು. ಹಿಂದಿದ್ದ ಸವಾರರು ಒಬ್ಬೊಬ್ಬರಾಗಿ ದಾಟಿಹೋದರು. ಇಬ್ಬರು ಕುದುರೆ ನಿಲ್ಲಿಸಿ ಏನು ಬೇಕೆಂದು ಕೇಳಿದರು. ಗಾಡಿ ಬರುತ್ತಿದೆ ಎಂದು ಭೀಮಣ್ಣ ಕೈಮುಗಿದ. ಮೂರನೆಯವನು ತಿರುಗಿಯೂ ನೋಡದೆ ಹೋದ. ಬಿಸಿಲಿನಲ್ಲಿ ಮಾತಿಲ್ಲದೆ ಕಳೆದ ಆ ಒಂದೂಕಾಲು ತಾಸು ಅವನಿಗೆ ಹನ್ನೊಂದು ವರ್ಷಕ್ಕಿಂತ ಉದ್ದವಾಗಿತ್ತು. ಮಾತು ಇಲ್ಲದ್ದು ಅವನಿಗೆ ಹೊಸದಲ್ಲ. ಆದರೆ ಇದ್ದು ಹೋದ ಮೇಲಿನ ಮೌನ ಬೇರೆಯೇ.

ಗಾಡಿ ಬಂತು. ಬಾದಲ್‌ನನ್ನು ಹತ್ತಿಸಿದರು. ಕುಂಟುವುದನ್ನು ನೋಡಿ ನಾನೇ ನಿಲ್ಲಿಸಿದೆ ಎಂದು ಚಿತ್ರಾ ಗಾಡಿಯವರಿಗೆ ಹೇಳಿದಳು. ಅದು ಸುಳ್ಳೂ ಅಲ್ಲ ಎಂದುಕೊಂಡ ಭೀಮಣ್ಣ. ಗಾಡಿ ತಿರುಗುವಾಗ ಅವಳು ಈ ಕಡೆ ನೋಡಲಿಲ್ಲ.

ಮುಂದಿನ ಹನ್ನೆರಡು ಕಿಲೋಮೀಟರ್ ಅವನು ಒಬ್ಬನೇ. ಕಸ್ತೂರಿ ಒಂದೆರಡು ಸಲ ಹಿಂದೆ ತಿರುಗಿ ಕೆನೆಯಿತು, ಆಮೇಲೆ ಒಂದೇ ಹದದಲ್ಲಿ ಹೆಜ್ಜೆ ಹಾಕಿತು. ಅದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಏನೂ ಬರಲಿಲ್ಲ. ಸೀತಾಫಲದ ತೋಟಗಳು, ಒಣಗಿದ ಕಾಲುವೆ, ಬೇಲಿಗೆ ಕಟ್ಟಿದ ಗುರುತಿನ ಪಟ್ಟಿಗಳು ಹಿಂದೆ ಸರಿದವು. ನಾಲ್ಕಕ್ಕೆ ಏಳು ನಿಮಿಷ ಇರುವಾಗ ಗೆರೆ ದಾಟಿದ. ಅವನೇ ಕೊನೆಯವನು. ಅರ್ಧ ಡೇರೆಗಳನ್ನು ಆಗಲೇ ಬಿಚ್ಚಿದ್ದರು.

ಕಸ್ತೂರಿಯ ಎದೆಬಡಿತ ಐವತ್ತೆರಡಕ್ಕೆ ಇಳಿದಿತ್ತು; ಓಡಿಸಿದಾಗ ಕಾಲಿನಲ್ಲಿ ಏನೂ ದೋಷವಿರಲಿಲ್ಲ. ಈ ಕುದುರೆ ಈಗಲೂ ಇನ್ನೊಂದು ಸುತ್ತು ಹೋಗಬಲ್ಲದು, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಡಾಕ್ಟರ್ ಮಧುಕರ್ ಕೇಳಿದರು. ನೀರಿನ ಹತ್ತಿರ ನಿಂತಿದ್ದೆ ಎಂದ. ಫೋನಿನಲ್ಲಿ ಅಪ್ಪಾಸಾಹೇಬರು ಸಿಟ್ಟಾದರು. ಮೊದಲ ಐವರಲ್ಲಿ ಬರಬೇಕಾಗಿದ್ದ ಕುದುರೆ, ಅದನ್ನು ಕೊನೆಗೆ ತಂದೆಯಲ್ಲ ಎಂದರು. ಕುದುರೆ ದಣಿದಿತ್ತು ಸಾಹೇಬರೇ ಎಂದು ಭೀಮಣ್ಣ ಉತ್ತರಿಸಿದ. ಕಸ್ತೂರಿಯ ಬಗ್ಗೆ ಅವನು ಆಡಿದ ಮೊದಲ ಸುಳ್ಳು ಅದು. ಸಾಯಲಿ ವಾಸಿಯಾದ ಮೇಲೆ ಅವಳೇ ಪಂದ್ಯಕ್ಕೆ ಹೋಗುವಳೆಂದು ಆ ಮಾತಿನಲ್ಲೇ ತೀರ್ಮಾನವಾಯಿತು.

ಮಾರ್ಚ್‌ನಲ್ಲಿ ಇನ್ನೊಂದು ಪಂದ್ಯ ನಡೆಯಿತು. ಸಾಯಲಿ ಸವಾರಿ ಮಾಡಿದಳು, ಭೀಮಣ್ಣ ಬಕೇಟು ಹಿಡಿದು ನಿಂತ. ತಪಾಸಣೆಯ ಜಾಗದಲ್ಲಿ ಡಾಕ್ಟರ ಪಕ್ಕ ಕೂತು ಎದೆಬಡಿತ ಬರೆದುಕೊಳ್ಳುತ್ತಿದ್ದವಳು ಚಿತ್ರಾ. ಈ ಸಲ ಅವಳು ಸವಾರಿಗೆ ಬಂದಿರಲಿಲ್ಲ. ಕಸ್ತೂರಿಯನ್ನು ಮುಂದೆ ತಂದಾಗ ಅವಳು ಕುದುರೆಯ ಸಂಖ್ಯೆ ಬರೆದು, ಪೆನ್ನು ಎತ್ತದೆ, ಬಾದಲ್‌ನ ನರ ಸ್ವಲ್ಪ ಸೀಳಿತ್ತು, ಆರು ತಿಂಗಳು ಸವಾರಿ ನಿಲ್ಲಿಸಿದ್ದಾರೆ, ನಡೆದಾಡುತ್ತಾನೆ ಎಂದು ಮರಾಠಿಯಲ್ಲಿ ಹೇಳಿದಳು. ಹಿಂದೆ ಬೇರೆ ಕುದುರೆಗಳು ಸಾಲುಗಟ್ಟಿದ್ದವು.

ಬರಂ ಝಾಲಂ, ಒಳ್ಳೆಯದಾಯಿತು ಎಂದು ಅವನೂ ಮರಾಠಿಯಲ್ಲೇ ಹೇಳಿದ. ಕಸ್ತೂರಿಯನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆಯಿಂದ ಅದರ ಕುತ್ತಿಗೆ ಒರೆಸತೊಡಗಿದ.